ಬ್ಯಾಂಕೋನ ದೆವ್ವ, ಶಂಬೂಕನ ತಲೆ

ನಾಟಕದ ಮಾತು ಬಂದಾಗಲೆಲ್ಲ ನಮ್ಮ ಗೆಳೆಯರಲ್ಲಿ ಒಂದು ಆಕ್ಷೇಪ ಏಳುತ್ತದೆ. ದೆವ್ವ, ದೇವರು, ಶಾಪ, ಅಶರೀರವಾಣಿ ಇವೆಲ್ಲ ಪುರೋಹಿತಶಾಹಿಯ ಸರಕು. ಜನರ ತಲೆಯಿಂದ ಇವನ್ನು ಓಡಿಸಬೇಕು ಅಂತ ಊರೂರು ಅಲೆಯುವ ನಾವೇ ರಂಗದ ಮೇಲೆ ಅವನ್ನು ಕರೆತಂದು ಕೂರಿಸುವುದೆ? ಸುಮ್ಮನೆ ತಳ್ಳಿಹಾಕುವ ಪ್ರಶ್ನೆ ಇದಲ್ಲ. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಲು ಹೋದ ಕಾರ್ಯಕರ್ತರು ದೇವಿಯ ಹೆಸರಿನಲ್ಲೇ ಏಟು ತಿಂದರು. ಮೈಮೇಲೆ ಬರುವ ದೇವರು ಯಾರ ಪರವಾಗಿ ಮಾತಾಡುತ್ತದೆ ಅನ್ನುವುದು ಕೇರಿಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಈ ಆಕ್ಷೇಪದಲ್ಲಿ ಒಂದು ಅವಸರವಿದೆ. ದೆವ್ವ ಇದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ರಂಗದ ಮೇಲೆ ಬಂದ ದೆವ್ವವನ್ನು ಪ್ರೇಕ್ಷಕ ಯಾಕೆ ನಂಬುತ್ತಾನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಮ್ಮಲ್ಲಿ ಉತ್ತರ ಸಿದ್ಧವಿದೆ. ಎರಡನೆಯದನ್ನು ನಾವು ಕೇಳಿಕೊಂಡೇ ಇಲ್ಲ. ಅದನ್ನು ಕೇಳಿಕೊಂಡರೆ ನಾಟಕದ ಬಗ್ಗೆ ಮಾತ್ರವಲ್ಲ, ಸಾವಿರಾರು ವರ್ಷ ನಮ್ಮ ಜನ ಏನನ್ನು ಯಾಕೆ ನಂಬಿಕೊಂಡು ಬಂದರು ಅನ್ನುವುದರ ಬಗ್ಗೆಯೂ ಒಂದಿಷ್ಟು ತಿಳಿಯುತ್ತದೆ.

ಕಂಪನಿ ನಾಟಕಗಳಲ್ಲಿ ದೇವರು ಬರುತ್ತಿದ್ದ ಬಗೆ ಹಿರಿಯರಿಗೆ ಗೊತ್ತು. ಭಕ್ತ ಅಳುತ್ತಾನೆ, ಢಂ ಅಂತ ಸದ್ದಾಗುತ್ತದೆ, ಹೊಗೆ ಏಳುತ್ತದೆ, ಬಣ್ಣದ ದೀಪದ ಬೆಳಕಲ್ಲಿ ವಿಷ್ಣುವೋ ಶಿವನೋ ನಿಂತಿರುತ್ತಾನೆ. ಜನ ಚಪ್ಪಾಳೆ ಹೊಡೆದರು, ಕೆಲವರು ಕೈಯನ್ನೂ ಮುಗಿದರು. ಆದರೆ ಕೈ ಮುಗಿದದ್ದು ನಾಟಕಕ್ಕಲ್ಲ. ಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ದೇವರನ್ನೇ ಅವರು ಅಲ್ಲಿ ಕಂಡರು. ನಾಟಕಕಾರ ಏನನ್ನೂ ಸಂಪಾದಿಸಲಿಲ್ಲ, ಊರಲ್ಲಿ ಮೊದಲೇ ಇದ್ದ ಭಕ್ತಿಯನ್ನು ಸಾಲ ತಂದು ಖರ್ಚು ಮಾಡಿದ ಅಷ್ಟೆ. ನಂಬಿಕೆಯನ್ನು ತಾನೇ ದುಡಿದು ಸಂಪಾದಿಸುವ ನಾಟಕ ಬೇರೆ. ಆ ದುಡಿಮೆಗೆ ವಿಮರ್ಶಕರು ಮುನ್ಸೂಚನೆ ಎನ್ನುತ್ತಾರೆ. ಮುಂದೆ ಆಗಲಿರುವುದರ ನೆರಳನ್ನು ಹಿಂದೆಯೇ, ನೋಡುವವನಿಗೆ ಗೊತ್ತಾಗಿಯೂ ಗೊತ್ತಾಗದ ಹಾಗೆ ಬೀಳಿಸಿಡುವ ಕೆಲಸ ಅದು.

ಹಳ್ಳಿಯಲ್ಲಿ ನಾವು ಇದನ್ನು ಶಕುನ ಅಂತೀವಿ. ಗೂಗೆ ಕೂಗಿತು, ಹಲ್ಲಿ ಲೊಚಗುಟ್ಟಿತು, ಬೆಕ್ಕು ಅಡ್ಡ ಬಂತು. ಆದರೆ ಊರಿನ ಶಕುನಕ್ಕೊಂದು ಮೋಸವಿದೆ. ಸಾವು ಆದ ಮೇಲೆ ಅದನ್ನು ಹುಡುಕುತ್ತಾರೆ: ಮೊನ್ನೆ ರಾತ್ರಿ ಗೂಗೆ ಕೂಗಿತ್ತಲ್ಲ, ಆಗಲೇ ಅಂದ್ಕಂಡೆ ಅಂತ. ಗೂಗೆ ಕೂಗಿಯೂ ಯಾರೂ ಸಾಯದ ರಾತ್ರಿಗಳನ್ನು ಲೆಕ್ಕಕ್ಕೆ ಇಟ್ಟವರಿಲ್ಲ. ನಾಟಕಕಾರನಿಗೆ ಈ ಸೌಲಭ್ಯವಿಲ್ಲ. ಅವನು ಮುಂಚೆಯೇ, ಎಲ್ಲರ ಕಣ್ಣೆದುರು ಗೂಗೆಯನ್ನು ಕೂಗಿಸಬೇಕು. ಆಮೇಲೆ ಅದಕ್ಕೆ ಜವಾಬು ಕೊಡಬೇಕು.

ಇದನ್ನು ಷೇಕ್ಸ್‌ಪಿಯರ್ ಎಷ್ಟು ಕಷ್ಟಪಟ್ಟು ಮಾಡುತ್ತಾನೆ ಎಂಬುದನ್ನು 'ಮ್ಯಾಕ್‌ಬೆತ್' ನಾಟಕದಲ್ಲಿ ನೋಡಬೇಕು. ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ'ದ ಮೂಲಕ ನಮ್ಮಲ್ಲಿ ಅನೇಕರಿಗೆ ಆ ಕಥೆ ಗೊತ್ತು. ಸ್ಕಾಟ್ಲೆಂಡಿನ ದಂಡನಾಯಕ ಮ್ಯಾಕ್‌ಬೆತ್ ಮಾಟಗಾತಿಯರ ಮಾತು ಕೇಳಿ, ಹೆಂಡತಿಯ ಒತ್ತಾಸೆಯಿಂದ ದೊರೆ ಡಂಕನ್ನನ್ನು ತನ್ನ ಮನೆಯಲ್ಲೇ ಕೊಲ್ಲುತ್ತಾನೆ, ತಾನು ದೊರೆಯಾಗುತ್ತಾನೆ, ಗೆಳೆಯ ಬ್ಯಾಂಕೋನ ಮೇಲೆ ಅನುಮಾನ ಬಂದು ಅವನನ್ನೂ ಕೊಲ್ಲಿಸುತ್ತಾನೆ. ಅದೇ ರಾತ್ರಿಯ ಔತಣದಲ್ಲಿ ಬ್ಯಾಂಕೋನ ದೆವ್ವ ಬಂದು ದೊರೆಯ ಪೀಠದಲ್ಲಿ ಕೂರುತ್ತದೆ.

ಆ ನಾಟಕ ಬರೆದದ್ದು ಸುಮಾರು 1606ರಲ್ಲಿ. ಆಗ ಗದ್ದುಗೆಯ ಮೇಲಿದ್ದ ಜೇಮ್ಸ್ ದೊರೆ 1597ರಲ್ಲಿ ಮಾಟಗಾತಿಯರ ಬಗ್ಗೆ, ಪಿಶಾಚಿಗಳ ಬಗ್ಗೆ ತಾನೇ ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದ್ದ. ಅಲ್ಲಿನ ಪ್ರೇಕ್ಷಕರಲ್ಲೂ ಬಹುಪಾಲು ಜನ ದೆವ್ವ ನಂಬುವವರೇ. ಅಂದರೆ ನಮ್ಮ ಕಂಪನಿ ಮಾಲೀಕರ ಹಾಗೆ ಷೇಕ್ಸ್‌ಪಿಯರನೂ ಸಾಲದ ನಂಬಿಕೆಯ ಮೇಲೆ ನಾಟಕ ನಡೆಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ದೆವ್ವ ಬರುವ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ.

ಮೊದಲ ಮೆಟ್ಟಿಲು ಮಾಟಗಾತಿಯರ ಭವಿಷ್ಯ. ಆ ಮಾತು ಬಿದ್ದ ಕೂಡಲೇ ಮ್ಯಾಕ್‌ಬೆತ್ ಬೆಚ್ಚಿಬೀಳುತ್ತಾನೆ. ಇಷ್ಟು ಒಳ್ಳೆಯ ಮಾತು ಕೇಳಿ ಯಾಕೆ ಬೆದರಿದೆ ಅಂತ ಬ್ಯಾಂಕೋ ಕೇಳುತ್ತಾನೆ. ಇದನ್ನು ದಾಟಿ ಹೋಗಬಾರದು. ಭವಿಷ್ಯ ಇಬ್ಬರ ಕಿವಿಗೂ ಬಿತ್ತು. ಬ್ಯಾಂಕೋನಿಗೂ ಅವನ ವಂಶ ದೊರೆತನ ಪಡೆಯುತ್ತದೆ ಅಂತ ಹೇಳಿದರು, ಅವನು ಯಾರನ್ನೂ ಕೊಲ್ಲಲಿಲ್ಲ. ಒಬ್ಬ ಬೆಚ್ಚಿಬಿದ್ದ, ಇನ್ನೊಬ್ಬ ಬೀಳಲಿಲ್ಲ. ಬೀಜ ಮಾಟಗಾತಿಯರ ಚೀಲದಲ್ಲಿರಲಿಲ್ಲ, ಒಬ್ಬನ ಎದೆಯಲ್ಲಿ ಮೊದಲೇ ಇತ್ತು. ವಿಧಿ ಮಾಡಿಸಿತು ಅನ್ನುವ ಹಳೇ ನೆಪವನ್ನು ನಾಟಕಕಾರ ಒಂದು ಪ್ರಶ್ನೆಯಿಂದ ಆರಂಭದಲ್ಲೇ ಮುರಿದುಹಾಕುತ್ತಾನೆ.

ಎರಡನೆಯ ಮೆಟ್ಟಿಲು ಕಠಾರಿ. ಡಂಕನ್ನನ ಕೋಣೆಗೆ ಹೋಗುವ ಮುಂಚೆ ಮ್ಯಾಕ್‌ಬೆತ್‌ಗೆ ಗಾಳಿಯಲ್ಲಿ ತೂಗುವ ಕಠಾರಿ ಕಾಣಿಸುತ್ತದೆ. ಪ್ರೇಕ್ಷಕರಿಗೆ ಕಾಣುವುದಿಲ್ಲ. ಇದು ಜ್ವರ ಹಿಡಿದ ತಲೆಯ ಸೃಷ್ಟಿಯೋ ಏನೋ ಅಂತ ಅವನೇ ಅನುಮಾನಿಸುತ್ತಾನೆ, ಹಿಡಿಯಲು ಕೈ ಚಾಚುತ್ತಾನೆ. ಅಲ್ಲಿಗೆ ಪ್ರೇಕ್ಷಕ ಏನನ್ನೂ ಒಪ್ಪಬೇಕಾಗಿಲ್ಲ. ಕೊಲೆಗೆ ಹೊರಟವನಿಗೆ ಇಂಥದ್ದು ಕಾಣಬಹುದು ಅಂತ ಒಪ್ಪಿದರೆ ಸಾಕು. ಆಮೇಲೆ ದನಿ. ನಿದ್ದೆಯನ್ನೇ ಕೊಂದುಬಿಟ್ಟೆ ಅಂತ ಯಾರೋ ಕೂಗಿದ್ದು ಅವನಿಗೆ ಕೇಳಿಸಿದೆ. ಇದೂ ನಮಗೆ ಕೇಳಿಸುವುದಿಲ್ಲ. ಮರುದಿನ ಬೇರೆಯವರ ಬಾಯಲ್ಲಿ ಸುದ್ದಿಗಳು: ರಾತ್ರಿ ಮನೆಗಳ ಹೊಗೆಗೂಡು ಉರುಳಿದವಂತೆ, ಹಗಲಲ್ಲೇ ಕತ್ತಲು ಕವಿದಿದೆ, ಇಲಿ ಹಿಡಿಯುವ ಗೂಗೆಯೊಂದು ಡೇಗೆಯನ್ನು ಕೊಂದಿತಂತೆ, ದೊರೆಯ ಕುದುರೆಗಳು ಒಂದನ್ನೊಂದು ತಿಂದವಂತೆ. ಎಲ್ಲ 'ಅಂತೆ'ಗಳೇ. ಒಬ್ಬನ ತಲೆಯಲ್ಲಿದ್ದದ್ದು ಈಗ ಊರಿನ ಬಾಯಿಗೆ ಬಂತು.

ಇಷ್ಟಾದರೂ ದೆವ್ವ ಬರಲು ಇನ್ನೂ ಹೊತ್ತಿದೆ. ಮ್ಯಾಕ್‌ಬೆತ್ ಬ್ಯಾಂಕೋನನ್ನು ಆ ರಾತ್ರಿಯ ಊಟಕ್ಕೆ ಕರೆಯುತ್ತಾನೆ, ತಪ್ಪಿಸಬೇಡ ಎನ್ನುತ್ತಾನೆ. ತಪ್ಪಿಸುವುದಿಲ್ಲ ಅಂತ ಬ್ಯಾಂಕೋ ಮಾತು ಕೊಡುತ್ತಾನೆ. ಕರೆದವನೇ ಕೊಲೆಗಾರರನ್ನು ಗೊತ್ತುಮಾಡುತ್ತಾನೆ. ಕೊಲೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಮುಂದಿನ ದೃಶ್ಯದಲ್ಲಿ ಔತಣ. ಮುಖಕ್ಕೆ ರಕ್ತ ಮೆತ್ತಿಕೊಂಡ ಕೊಲೆಗಾರ ಬಾಗಿಲಲ್ಲಿ ನಿಂತು ಲೆಕ್ಕ ಒಪ್ಪಿಸುತ್ತಾನೆ: ಹಳ್ಳದಲ್ಲಿ ಬಿದ್ದಿದ್ದಾನೆ, ತಲೆಯ ಮೇಲೆ ಇಪ್ಪತ್ತು ಗಾಯ. ಇಪ್ಪತ್ತು. ಯಾಕೆ ಈ ಲೆಕ್ಕ? ಸ್ವಲ್ಪ ಹೊತ್ತಿಗೆ ಬ್ಯಾಂಕೋ ಬಂದು ಕೂತಾಗ, ಸತ್ತವರು ಈಗ ತಲೆಯ ಮೇಲೆ ಇಪ್ಪತ್ತು ಗಾಯ ಹೊತ್ತು ಎದ್ದು ಬರುತ್ತಾರೆ ಅಂತ ಮ್ಯಾಕ್‌ಬೆತ್ ಒದರುತ್ತಾನೆ. ಆ ಲೆಕ್ಕ ಅಲ್ಲಿ ಇಬ್ಬರಿಗೇ ಗೊತ್ತು, ಮಾಡಿಸಿದವನಿಗೆ ಮತ್ತು ಮಾಡಿದವನಿಗೆ. ಮೂರನೆಯವರು ನಾವು. ಬ್ಯಾಂಕೋ ಇಲ್ಲಿರಬೇಕಾಗಿತ್ತು ಅಂತ ಮ್ಯಾಕ್‌ಬೆತ್ ಬಾಯುಪಚಾರಕ್ಕೆ ಅನ್ನುವ ಹೊತ್ತಿಗೆ ದೆವ್ವ ಕೂತಾಗಿದೆ. ಊಟಕ್ಕೆ ತಪ್ಪಿಸುವುದಿಲ್ಲ ಅಂದವನು ತಪ್ಪಿಸಲಿಲ್ಲ. ಜಾಗವೇ ಇಲ್ಲವಲ್ಲ ಎನ್ನುತ್ತಾನೆ ದೊರೆ. ಇಲ್ಲಿದೆ ಎನ್ನುತ್ತಾರೆ ಏನೂ ಕಾಣದವರು.

ಆ ಹೊತ್ತಿಗೆ ಪ್ರೇಕ್ಷಕರಲ್ಲಿ ಕೂತಿರುವ ವಿಚಾರವಾದಿ ಏನು ಹೇಳಬೇಕೆಂದಿದ್ದನೋ ಅದನ್ನು ಮ್ಯಾಕ್‌ಬೆತ್‌ನ ಹೆಂಡತಿಯೇ ಹೇಳಿಬಿಡುತ್ತಾಳೆ: ಇದು ನಿನ್ನ ಭಯ ಬರೆದ ಚಿತ್ರ, ಅವತ್ತಿನ ಕಠಾರಿಯ ಹಾಗೆ. ಅವಳ ಮಾತು ಪೂರ್ತಿ ನಿಜ. ಆದರೂ ಅದು ಸೋಲುತ್ತದೆ. ಅವಳಿಗೆ ಬ್ಯಾಂಕೋನ ಕೊಲೆ ಗೊತ್ತಿಲ್ಲ, ನಮಗೆ ಗೊತ್ತು. ಅವಳ ತರ್ಕಕ್ಕೆ ಸಾಕ್ಷ್ಯ ಕಡಿಮೆ. ಹ್ಯಾಮ್ಲೆಟ್ ನಾಟಕದಲ್ಲೂ ಹೀಗೆಯೇ. ಅಲ್ಲಿ ದೆವ್ವ ಮೊದಲು ಕಾಣುವುದು ಕಾವಲುಗಾರರಿಗೆ. ಅವರ ಮಾತನ್ನು ನಂಬದ ಓದಿದ ಮನುಷ್ಯ ಹೊರೇಷಿಯೋನನ್ನು ಕರೆತಂದು ನಿಲ್ಲಿಸಿ, ಅವನು ನಡುಗುವುದನ್ನು ನಮಗೆ ತೋರಿಸುತ್ತಾರೆ. ಅಷ್ಟಾದ ಮೇಲೂ ಹ್ಯಾಮ್ಲೆಟ್ ಆ ದೆವ್ವದ ಮಾತಿನ ಮೇಲೆ ಯಾರನ್ನೂ ಕೊಲ್ಲಲು ಒಪ್ಪದೆ, ನಾಟಕ ಆಡಿಸಿ ಕೊಲೆಗಾರನ ಮುಖ ನೋಡಿ ಪರೀಕ್ಷೆ ಮಾಡುತ್ತಾನೆ. ದೆವ್ವದ ಬಾಯಿಂದ ಬಂದದ್ದಾದರೂ ಸರಿ, ಪುರಾವೆ ಬೇಕು. ಕುವೆಂಪು ಅದನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಿದರು.

ಇದು ಷೇಕ್ಸ್‌ಪಿಯರನ ಸ್ವಂತ ಕಂಡುಹಿಡಿತವೇನಲ್ಲ. ಕ್ರಿಸ್ತಪೂರ್ವ 472ರಲ್ಲಿ ಈಸ್ಕಿಲಸ್ ಆಡಿಸಿದ, ಬಿ.ಎಂ.ಶ್ರೀ.ಯವರು ಕನ್ನಡಕ್ಕೆ 'ಪಾರಸಿಕರು' ಎಂದು ತಂದ ನಾಟಕದಲ್ಲಿ ಸತ್ತ ದೊರೆ ದಾರಯನು ಗೋರಿಯಿಂದ ಎದ್ದು ಬರುತ್ತಾನೆ. ಅದಕ್ಕೆ ಮುಂಚೆ ರಾಣಿ ಒಂದು ಕನಸು ಹೇಳಿರುತ್ತಾಳೆ. ಮಗ ಕ್ಸರ್ಕ್ಸಿಸ್ ಇಬ್ಬರು ಹೆಂಗಸರನ್ನು ರಥದ ನೊಗಕ್ಕೆ ಹೂಡುತ್ತಾನೆ. ಒಬ್ಬಳು ತಲೆ ಬಾಗಿಸುತ್ತಾಳೆ, ಇನ್ನೊಬ್ಬಳು ನೊಗ ಮುರಿಯುತ್ತಾಳೆ, ಮಗ ಉರುಳುತ್ತಾನೆ, ಪಕ್ಕದಲ್ಲಿ ಸತ್ತ ಗಂಡ ಮರುಕದಿಂದ ನಿಂತಿದ್ದಾನೆ. ಸತ್ತವನು ಗೋರಿಯಿಂದ ಬರುವ ಮೊದಲೇ ಕನಸಿನಲ್ಲಿ ಒಂದು ಸಲ ಬಂದು ಹೋಗಿದ್ದ. ಸಾಲಾಮಿಸ್ ಕಾಳಗದಲ್ಲಿ ಪಾರಸಿಕರನ್ನು ಸೋಲಿಸಿದ ಗ್ರೀಕರು ಎಂಟೇ ವರ್ಷದ ಮೇಲೆ ಶತ್ರುವಿನ ಮನೆಯ ದೆವ್ವವನ್ನು ನೋಡುತ್ತ ಕೂತಿದ್ದರು. ನೊಗ ಹೇರಿದ್ದು ದೊರೆಯ ಕೃತ್ಯ, ದೆವ್ವ ಬಂದದ್ದು ಆ ಕೃತ್ಯದ ಹೆಸರು ಹೇಳಲಿಕ್ಕೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಒಂದು ಸಾವಿಗೆ ಬರಬೇಕು. ಅಲ್ಲಿ ಅದ್ಭುತ ನಡೆಯುತ್ತದೆ, ಆದರೆ ಇಂಥ ಯಾವ ಮೆಟ್ಟಿಲೂ ಇಲ್ಲ.

ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಒಬ್ಬ ಬ್ರಾಹ್ಮಣ ಸತ್ತ ಮಗನನ್ನು ಎತ್ತಿಕೊಂಡು ಅರಮನೆಯ ಬಾಗಿಲಿಗೆ ಬರುತ್ತಾನೆ. ರಾಜ್ಯದಲ್ಲಿ ಎಲ್ಲೋ ಅಧರ್ಮ ನಡೆದಿದೆ, ಇಲ್ಲದಿದ್ದರೆ ಮಗು ಯಾಕೆ ಸಾಯುತ್ತಿತ್ತು? ನಾರದ ವಿವರಿಸುತ್ತಾನೆ: ಕೃತಯುಗದಲ್ಲಿ ತಪಸ್ಸು ಬ್ರಾಹ್ಮಣರದ್ದು, ತ್ರೇತೆಯಲ್ಲಿ ಕ್ಷತ್ರಿಯರಿಗೂ ಬಂತು, ಮುಂದಿನ ಯುಗಗಳಲ್ಲಿ ಒಬ್ಬೊಬ್ಬರಿಗೆ, ಶೂದ್ರನಿಗೆ ಈಗ ಅದರ ಕಾಲವಲ್ಲ, ಎಲ್ಲೋ ಒಬ್ಬ ಶೂದ್ರ ತಪಸ್ಸು ಮಾಡುತ್ತಿದ್ದಾನೆ. ರಾಮ ಪುಷ್ಪಕ ಹತ್ತಿ ಹುಡುಕುತ್ತಾನೆ. ದಕ್ಷಿಣದಲ್ಲಿ ಒಂದು ಕೊಳದ ಬಳಿ ತಲೆಕೆಳಗಾಗಿ ತಪಸ್ಸು ಮಾಡುವವನನ್ನು ಕಂಡು ಜಾತಿ ಕೇಳುತ್ತಾನೆ. ಅವನು ನಿಜ ಹೇಳುತ್ತಾನೆ, ಹೆಸರು ಶಂಬೂಕ. ಮಾತು ಮುಗಿಯುವ ಮೊದಲೇ ಕತ್ತಿ ಬೀಳುತ್ತದೆ. ದೇವತೆಗಳು ಹೂಮಳೆ ಸುರಿಸುತ್ತಾರೆ. ಅತ್ತ ಅದೇ ಗಳಿಗೆಯಲ್ಲಿ ಮಗು ಬದುಕಿತು.

ಇದಕ್ಕಿಂತ ದೊಡ್ಡ ಅತಿಮಾನುಷ ಘಟನೆ ಬೇಕೆ? ಒಂದು ಕಡೆ ತಲೆ ಬಿದ್ದರೆ ಎಷ್ಟೋ ಹರದಾರಿ ದೂರದಲ್ಲಿ ಹೆಣ ಎದ್ದು ಕೂರುತ್ತದೆ. ಬ್ಯಾಂಕೋನ ದೆವ್ವ ಇದರ ಮುಂದೆ ಏನೂ ಅಲ್ಲ. ಆದರೂ ಇದನ್ನು ಕೇಳುತ್ತ ಬಂದ ಜನ ಬಹುಕಾಲ ಅದು ಹೇಗೆ ಸಾಧ್ಯ ಅಂತ ಬೆಚ್ಚಲಿಲ್ಲ. ಮಗುವಿಗೆ ಜ್ವರ ಬಂದಿತ್ತೆ, ಹಾವು ಕಚ್ಚಿತ್ತೆ ಅಂತ ಯಾರೂ ಕೇಳಲಿಲ್ಲ. ಷೇಕ್ಸ್‌ಪಿಯರ್ ಒಂದು ದೆವ್ವವನ್ನು ನಂಬಿಸಲು ಎರಡು ಅಂಕಕ್ಕೂ ಹೆಚ್ಚು ಬೆವರು ಸುರಿಸಿದ. ಇಲ್ಲಿ ನಾರದನ ಒಂದು ಭಾಷಣ ಸಾಕಾಯಿತು. ಯಾಕೆ?

ಯಾಕೆಂದರೆ ಮುನ್ಸೂಚನೆಯ ಕೆಲಸವನ್ನು ಕವಿ ಮಾಡಬೇಕಾಗಿರಲಿಲ್ಲ, ಸಮಾಜ ಮಾಡಿ ಮುಗಿಸಿತ್ತು. ಕೇಳುವವನ ಕಿವಿಗೆ ಹುಟ್ಟಿದ ದಿನದಿಂದ ಬಿದ್ದಿತ್ತು: ಇಂಥವನು ಓದಬಾರದು, ಇಂಥವನು ಕೆರೆ ಮುಟ್ಟಬಾರದು, ಮುಟ್ಟಿದರೆ ಮಳೆ ಹೋಗುತ್ತದೆ, ಊರಿಗೆ ಕೇಡು ಬರುತ್ತದೆ. ಪ್ರತಿ ದಿನವೂ ಒಂದು ಅಂಕ. ಬಾವಿಯ ಕಟ್ಟೆಯಲ್ಲಿ, ಹೋಟೆಲಿನ ಹೊರಗಿಟ್ಟ ಬೇರೆ ಲೋಟದಲ್ಲಿ, ಗುಡಿಯ ಹೊಸ್ತಿಲಲ್ಲಿ ಅದರ ತಾಲೀಮು ನಡೆಯುತ್ತಲೇ ಇರುತ್ತದೆ. ಹಣೆಬರಹ ಅನ್ನುವ ಮಾತನ್ನೇ ನೋಡಿ. ಕಥೆ ಶುರುವಾಗುವ ಮುಂಚೆಯೇ ಕೊನೆಯನ್ನು ಬರೆದು ಹಣೆಗೆ ಅಂಟಿಸಿಟ್ಟಿದ್ದಾರೆ. ಇದಕ್ಕಿಂತ ಪಕ್ಕಾ ಮುನ್ಸೂಚನೆ ಯಾವ ನಾಟಕದಲ್ಲೂ ಇಲ್ಲ.

ಎರಡೂ ಸಿದ್ಧತೆಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮ್ಯಾಕ್‌ಬೆತ್‌ನಲ್ಲಿ ಮುನ್ಸೂಚನೆಗಳೆಲ್ಲ ಬೊಟ್ಟು ಮಾಡುವುದು ಒಂದು ಕೃತ್ಯದ ಕಡೆಗೆ: ಈ ಕೈ ಇಂಥ ರಾತ್ರಿ ಇಂಥದ್ದನ್ನು ಮಾಡಿತು. ನಾರದನ ಭಾಷಣ ಬೊಟ್ಟು ಮಾಡುವುದು ಒಂದು ಹುಟ್ಟಿನ ಕಡೆಗೆ. ಶಂಬೂಕ ಯಾರಿಗೆ ಏನು ಮಾಡಿದ ಅಂತ ಅದರಲ್ಲಿ ಒಂದು ಅಕ್ಷರ ಇಲ್ಲ, ಅವನು ಯಾರು ಅನ್ನುವುದಷ್ಟೇ ಇದೆ. ಇನ್ನೊಂದು: ಬ್ಯಾಂಕೋನ ದೆವ್ವ ಬರುವುದು ಗದ್ದುಗೆಯ ವಿರುದ್ಧ, ದೊರೆಯ ಪೀಠವನ್ನೇ ಹಿಡಿದು ಕೂರುತ್ತದೆ. ಇಲ್ಲಿ ಅದ್ಭುತ ಬರುವುದು ಗದ್ದುಗೆಯ ಕಡೆಯಿಂದ, ಕತ್ತಿ ಹಿಡಿದವನ ತಲೆಯ ಮೇಲೆ ಹೂವು ಸುರಿಯುತ್ತದೆ. ಡಾ. ಅಂಬೇಡ್ಕರ್ 1936ರಲ್ಲಿ ಅಚ್ಚಾದ ಜಾತಿ ವಿನಾಶದ ಭಾಷಣದಲ್ಲಿ ಶಂಬೂಕನ ಪ್ರಸಂಗ ಎತ್ತಿಕೊಂಡು ಹೇಳಿದ್ದರ ತಿರುಳು ಇದು: ದಂಡನೆಯ ಬಲವಿಲ್ಲದೆ ಚಾತುರ್ವರ್ಣ್ಯ ಒಂದು ದಿನವೂ ನಿಲ್ಲಲಾರದು, ಆದ್ದರಿಂದಲೇ ರಾಮ ಕತ್ತಿ ಎತ್ತಬೇಕಾಯಿತು. ಅವರು ಮಗು ಬದುಕಿದ್ದನ್ನು ನೋಡುತ್ತ ನಿಲ್ಲಲಿಲ್ಲ, ಕತ್ತಿಯನ್ನು ನೋಡಿದರು. ಅದ್ಭುತದ ಹಿಂದೆ ಅಡಗಿಸಿಟ್ಟಿದ್ದ ಶಿಕ್ಷೆಯನ್ನು ಹೊರಗೆಳೆದರು.

ಇದು ರಂಗಕ್ಕೆ ಬಂದಾಗ ಇನ್ನೂ ನಯವಾಯಿತು. ಎಂಟನೇ ಶತಮಾನದ ಭವಭೂತಿ 'ಉತ್ತರರಾಮಚರಿತ'ದ ಎರಡನೇ ಅಂಕದಲ್ಲಿ ಶಂಬೂಕನನ್ನು ತರುತ್ತಾನೆ. ಮುಂಚೆ ಆತ್ರೇಯಿಯೂ ವನದೇವತೆಯೂ ಮಾತಾಡಿಕೊಳ್ಳುವಾಗ ಅಶರೀರವಾಣಿಯ ಸುದ್ದಿ ಬಂದುಹೋಗುತ್ತದೆ. ಆಮೇಲೆ ಕತ್ತಿ ಬೀಳುತ್ತದೆ. ಕೂಡಲೇ ಕಡಿಸಿಕೊಂಡವನೇ ದಿವ್ಯಪುರುಷನಾಗಿ ಬಂದು ಕಡಿದವನಿಗೆ ಕೃತಜ್ಞತೆ ಹೇಳುತ್ತಾನೆ! ಭವಭೂತಿಯ ಕರುಣರಸವನ್ನು ಹೊಗಳದ ಪಂಡಿತರಿಲ್ಲ. ಸೀತೆಗಾಗಿ ಅತ್ತ ಆ ಕರುಣೆ ನಿಜವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಶಂಬೂಕನನ್ನು ಕಡಿಯುವಾಗ ರಾಮನಿಗೆ ತನ್ನ ಕೈ ಕಠಿಣವಾದದ್ದು ಅನ್ನಿಸುತ್ತದೆ, ಅದೂ ಸೀತೆಯನ್ನು ಕಾಡಿಗಟ್ಟಿದ್ದರ ನೆನಪಿಗೆ. ಆದರೆ ಕಡಿಸಿಕೊಂಡವನ ಬಾಯಿಂದಲೇ ಧನ್ಯವಾದ ಹೇಳಿಸಿದ ಮೇಲೆ ಅಳುವುದಕ್ಕೆ ಅಲ್ಲಿ ಯಾರು ಉಳಿದರು? ರಕ್ತ ಒರೆಸುವ ಬಟ್ಟೆಯಾಗಿ ಅತಿಮಾನುಷವನ್ನು ಬಳಸಿದ್ದಕ್ಕೆ ಇದು ಮಾದರಿ. ಬ್ಯಾಂಕೋ ಎದ್ದು ಬಂದು ಮ್ಯಾಕ್‌ಬೆತ್‌ಗೆ ವಂದನೆ ಹೇಳಿದ್ದರೆ ಆ ನಾಟಕ ಏನಾಗುತ್ತಿತ್ತು ಅಂತ ಊಹಿಸಿ ನೋಡಿ.

1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ಬರೆದಾಗ ಅವರ ಎದುರಿಗಿದ್ದ ಕಷ್ಟ ಇದು. ಬ್ರಹ್ಮಾಸ್ತ್ರ ಶಂಬೂಕನನ್ನು ಕೊಲ್ಲದೆ ತಿರುಗಿ ಬ್ರಾಹ್ಮಣನನ್ನು ಅಟ್ಟಬೇಕು. ಬಾಣ ಹೊಡೆದ ಕಡೆಗೆ ಹೋಗುತ್ತದೆ ಅನ್ನುವುದನ್ನು ನಂಬಿಸಲು ಏನೂ ಬೇಕಿಲ್ಲ. ತಿರುಗಿ ಬರುತ್ತದೆ ಅನ್ನುವುದನ್ನು ನಂಬಿಸಲು, ಅದೂ ಸಾವಿರಾರು ವರ್ಷ ಬೇರೆ ಸಿದ್ಧತೆ ಪಡೆದ ಪ್ರೇಕ್ಷಕರಿಗೆ ನಂಬಿಸಲು, ಕಾರಣ ಕಟ್ಟಬೇಕು. ಅವರು ಕಟ್ಟಿದ ಕಾರಣ ಒಂದು ಕೃತ್ಯ. ತಪಸ್ವಿಯನ್ನು ಶೂದ್ರ ಎಂಬ ಒಂದೇ ಕಾರಣಕ್ಕೆ ಆ ಬ್ರಾಹ್ಮಣ ಗೌರವಿಸದೆ ಅವಮಾನಿಸಿದ್ದಾನೆ. ಮಗು ಸತ್ತದ್ದು ಶೂದ್ರನ ತಪಸ್ಸಿನಿಂದಲ್ಲ, ಆ ಅವಮಾನದಿಂದ. ಈ ಬೀಜ ಬಿದ್ದಿರುವುದರಿಂದಲೇ ಕೊನೆಯಲ್ಲಿ ಅಸ್ತ್ರ ತಿರುಗಿದಾಗ ಅದು ಜಾದುವಾಗಿ ಕಾಣದೆ ಲೆಕ್ಕಾಚಾರವಾಗಿ ಕಾಣುತ್ತದೆ. ಬ್ರಾಹ್ಮಣ ತಲೆಬಾಗುತ್ತಾನೆ, ಮಗು ಏಳುತ್ತದೆ. ಅದ್ಭುತ ಅದೇ, ಅದರ ಕೆಳಗಿನ ತಳಪಾಯವನ್ನು ಹುಟ್ಟಿನಿಂದ ಕಿತ್ತು ಕೃತ್ಯದ ಮೇಲೆ ಕೂರಿಸಿದರು. ಮಾಸ್ತಿಯವರಂಥವರು ಪುರಾಣದ ಕಥೆಯನ್ನು ಹೀಗೆ ಬದಲಿಸಬಹುದೆ ಅಂತ ಆಕ್ಷೇಪ ಎತ್ತಿದರು. ಸಾವಿರಾರು ವರ್ಷದಲ್ಲಿ ಈ ಕಥೆಯನ್ನು ಎಷ್ಟು ಜನ ಎಷ್ಟು ಸಲ ತಿದ್ದಿದ್ದಾರೋ! ಆಕ್ಷೇಪ ಎದ್ದದ್ದು ಮಾತ್ರ ಬಾಣ ತಿರುಗಿದಾಗ.

ಆದರೂ ನಮ್ಮೊಳಗೆ ಒಂದು ಮಾತು ಬಿಚ್ಚಿ ಆಡಬೇಕು. 'ಶೂದ್ರ ತಪಸ್ವಿ'ಯ ಸಿದ್ಧತೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ರಾಮನನ್ನು ಕಾಪಾಡುತ್ತದೆ. ತಪ್ಪು ಬ್ರಾಹ್ಮಣನಲ್ಲೇ ಇದೆ ಅನ್ನುವುದು ರಾಮನಿಗೆ ಹೊಳೆದಿದೆ, ಅದಕ್ಕೆ ಅವನು ಪಾಪಿಯನ್ನು ಹುಡುಕುವ ಕೆಲಸವನ್ನು ಅಸ್ತ್ರಕ್ಕೇ ಬಿಡುತ್ತಾನೆ. ಕೊನೆಗೆ ಕೊಲೆ ನಡೆಯಲಿಲ್ಲ, ಕೊಲೆಗಾರ ಇಲ್ಲ, ಎಲ್ಲರೂ ಸಮಾಧಾನ. ಕಥೆಯಲ್ಲಿ ಬಿದ್ದ ತಲೆ ನಾಟಕದಲ್ಲಿ ಕತ್ತಿನ ಮೇಲೇ ಉಳಿಯಿತು ಅನ್ನುವುದು ಸಂತೋಷವೇ. ಆದರೆ ಬಿದ್ದ ತಲೆಗೆ ಲೆಕ್ಕ ಕೇಳುವವರು ಯಾರು? ಹಾರೈಕೆಯ ಮಟ್ಟಿಗೆ ಈ ನಾಟಕ ದೊಡ್ಡದು, ದುರಂತವಾಗಿ ಅಲ್ಲ.

ನನ್ನ ಎಣಿಕೆಯಲ್ಲಿ 1947ರ 'ಬೆರಳ್ಗೆ ಕೊರಳ್' ಇದಕ್ಕಿಂತ ಮೇಲು. ಅಲ್ಲಿ ಯಾವ ಅದ್ಭುತವೂ ಏಕಲವ್ಯನ ಹೆಬ್ಬೆರಳನ್ನು ಉಳಿಸುವುದಿಲ್ಲ. ಬೆರಳು ಹೋಗಿಯೇ ಹೋಗುತ್ತದೆ. ಆ ಮೇಲೆ ತಾಯಿಯ ಶಾಪ ಬರುತ್ತದೆ, ಬೆರಳಿಗೆ ಪ್ರತಿಯಾಗಿ ಕೊರಳು. ನಾಟಕದ ಹೆಸರೇ ಮುನ್ಸೂಚನೆ. ಕುರುಕ್ಷೇತ್ರದಲ್ಲಿ ದ್ರೋಣನ ಕೊರಳು ಹೇಗೆ ಹೋಯಿತು ಅಂತ ಭಾರತದ ಕಥೆ ಕೇಳಿದ ಮಕ್ಕಳಿಗೂ ಗೊತ್ತು. ಆದ್ದರಿಂದ ಆ ತಾಯಿಯ ಮಾತು ಬಿದ್ದ ಕೂಡಲೇ ಮೈ ಝುಂ ಎನ್ನುತ್ತದೆ. ಶಾಪಕ್ಕೆ ಶಕ್ತಿ ಇದೆಯೆ ಅನ್ನುವ ಚರ್ಚೆಗೆ ಅಲ್ಲಿ ಜಾಗವೇ ಇಲ್ಲ, ಬೆರಳು ಬಿದ್ದದ್ದನ್ನು ಈಗ ತಾನೇ ನೋಡಿದ್ದೇವೆ. ವ್ಯಾಸನ ಕಥೆಯಲ್ಲಿ ಏಕಲವ್ಯನ ಪರವಾಗಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಕಷ್ಟ ಒಂದೇ: ಸರಳ ರಗಳೆಯ ಹಳಗನ್ನಡದ ಬಿಗುವು. ನಮ್ಮ ಹುಡುಗರ ನಾಲಿಗೆಗೆ ಅದು ಒಗ್ಗಲು ತಿಂಗಳುಗಟ್ಟಲೆ ಬೇಕು. ಆದರೂ ಬಿಡಬೇಡಿ ಅಂತ ಮೇಷ್ಟ್ರುಗಳಿಗೆ ಹೇಳುತ್ತೇನೆ.

ಈಗ ಮೊದಲಿನ ಆಕ್ಷೇಪಕ್ಕೆ ಜವಾಬು ಕೊಡಬಹುದು. ರಂಗದ ಮೇಲೆ ದೆವ್ವ ಯಾಕೆ ಬೇಕು? ಸತ್ತವರ ಪರವಾಗಿ ಸಾಕ್ಷಿ ಹೇಳುವವರು ಬದುಕಿರುವವರಲ್ಲಿ ಸಿಗದ ಕಾರಣಕ್ಕೆ ಬೇಕು. 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು, ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ತಿರುಗಿಬಿದ್ದವರನ್ನು ಬಯ್ಯುವುದು ಸುಲಭ. ಅದೇ ಊರಲ್ಲಿ ಅದೇ ಜನರ ಹೊಲದಲ್ಲಿ ನಾಳೆ ಕೂಲಿಗೆ ಹೋಗಬೇಕಾದವರು ಏನು ಮಾಡಿಯಾರು? ಬ್ಯಾಂಕೋನಂಥ ಸಾಕ್ಷಿಯನ್ನು ಮಾತ್ರ ಯಾರೂ ತಿರುಗಿಸುವ ಹಾಗಿಲ್ಲ. ಅವನಿಗೆ ಹೊಲವಿಲ್ಲ, ಸಾಲವಿಲ್ಲ, ಹೆದರಿಕೆ ಇಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' ನಾಟಕವಲ್ಲ, ಕಾದಂಬರಿ. ಆದರೂ ನಡುರಾತ್ರಿ ಜೋತಮ್ಮಗಳು ಕೂಡಿ ಮಾತಿಗೆ ಕೂರುವುದನ್ನು ಓದುವಾಗ ನನಗೆ ಅನ್ನಿಸುವುದು ಇದೇ. ಆ ಮಾತು ಮೂಢನಂಬಿಕೆಯಲ್ಲ. ಮನುಷ್ಯರು ಬಾಯಿ ಕಟ್ಟಿಕೊಂಡಾಗ ದೀಪ ಬಾಯಿ ಬಿಡುತ್ತದೆ.

ಹಾಗಂತ ಸಿಕ್ಕಸಿಕ್ಕಲ್ಲಿ ದೆವ್ವ ತರಬಹುದು ಅಂತಲ್ಲ. ಕೊಲೆಯನ್ನು ತೋರಿಸದೆ ದೆವ್ವವನ್ನು ಮಾತ್ರ ತೋರಿಸಿದರೆ ನಾವೂ ಆ ಕಂಪನಿಯ ಮಾಲೀಕನ ಸಾಲಗಾರರೇ. ದೆವ್ವ ಸೇಡು ತೀರಿಸಿಕೊಂಡು ಲೆಕ್ಕ ಮುಗಿಸಿಬಿಟ್ಟರೆ ಅದೂ ಅಪಾಯ; ಪ್ರೇಕ್ಷಕ ಹಗುರಾಗಿ ಮನೆಗೆ ಹೋಗುತ್ತಾನೆ, ನಾಳೆ ಠಾಣೆಯ ಮುಂದೆ ಧರಣಿಗೆ ಬರುವುದಿಲ್ಲ. ಬ್ಯಾಂಕೋ ಯಾರ ಕುತ್ತಿಗೆಯನ್ನೂ ಹಿಸುಕಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ಬಂದ, ಕೂತ. ಮ್ಯಾಕ್‌ಬೆತ್‌ನ ಮೇಲೆ ದಂಡು ಕಟ್ಟಿಕೊಂಡು ಹೋಗಿ ಕಾದಿದವರು ಮನುಷ್ಯರು. ಕಾಡು ನಡೆದು ಬರುವವರೆಗೂ ನಿನಗೆ ಸೋಲಿಲ್ಲ ಅಂತ ಭವಿಷ್ಯ ಹೇಳಿದ್ದರಲ್ಲ, ಆ ಕಾಡನ್ನು ನಡೆಸಿದ್ದೂ ಸೈನಿಕರ ಕೈ. ಒಬ್ಬೊಬ್ಬರು ಒಂದೊಂದು ಕೊಂಬೆ ಕಡಿದು ಮುಂದೆ ಹಿಡಿದು ನಡೆದರು. ಅತಿಮಾನುಷ ಅಂದುಕೊಂಡದ್ದು ಹತ್ತಿರ ಬಂದಾಗ ಜನರಾಗಿತ್ತು.

ಕೊನೆಗೆ, ಈ ನಾಟಕವನ್ನು ಶಾಲೆ ಕಾಲೇಜುಗಳಲ್ಲಿ ಆಡಿಸುವವರಿಗೆ ಒಂದು ಮಾತು. ಹೊತ್ತು ಸಾಲದು ಅಂತ ಬ್ಯಾಂಕೋನ ಕೊಲೆಯ ಆ ಚಿಕ್ಕ ದೃಶ್ಯವನ್ನು ಕತ್ತರಿಸಬೇಡಿ. ಔತಣದಲ್ಲಿ ಹೊಗೆಯೂ ಬೇಡ, ಹಸಿರು ದೀಪವೂ ಬೇಡ. ಕೊಲೆಯ ದೃಶ್ಯಕ್ಕೆ ಒಂದು ಪಂಜು ಸಾಕು. ಆ ಪಂಜು ಆರುತ್ತದೆ, ಬ್ಯಾಂಕೋ ಬೀಳುತ್ತಾನೆ, ಓಡು ಅಂತ ಮಗನಿಗೆ ಕೂಗುತ್ತಾನೆ. ಕತ್ತಲಲ್ಲಿ ಆ ಹುಡುಗ ಓಡುವ ಕಾಲ ಸಪ್ಪಳ ಹಿಂದಿನ ಸಾಲಿನವರೆಗೂ ಕೇಳಬ್ಕು. ಅದು ನಿಂತ ಮೇಲೆ ದೀಪ ಹಾಕಿ, ಎಲ್ಲರೂ ಊಟಕ್ಕೆ ಕೂತಿರಲಿ, ಒಂದು ಜಾಗ ಖಾಲಿ ಇರಲಿ.